ಅಳತೆ ಪುಸ್ತಕ

ನಲವತ್ತು ವರ್ಷ ಸೂಜಿಯ ಜೊತೆ ಬದುಕಿದವನಿಗೆ
ಬೆರಳಿಗೆ ಚುಚ್ಚುವುದು ಹೊಸತಲ್ಲ.
ಹೊಸತು, ಚುಚ್ಚಿದ ಮೇಲೆ ಕಾಯುವುದು.
ಆ ಪುಟ್ಟ ಯಂತ್ರ ಐದರಿಂದ ಕೆಳಗೆಣಿಸುವಾಗ
ಮಿಷನಿನ ಪೆಡಲಿನ ಮೇಲಿಟ್ಟ ಕಾಲು ತಾನೇ ನಿಂತು
ಬದಿಯಡ್ಕ ಪೇಟೆಯ ಬಸ್ಸುಗಳೆಲ್ಲ
ಹಾರ್ನ್ ಹೊಡೆಯದೆ ದಾಟುತ್ತವೆ.

264.

ಎದೆ ಮೂವತ್ತೆಂಟು, ಸೊಂಟ ಮೂವತ್ತಾರು,
ತೋಳು ಇಪ್ಪತ್ತಮೂರೂವರೆ,
ಊರವರ ಮೈಯೆಲ್ಲ ನನಗೆ ಬಾಯಿಪಾಠ.
ಟೇಪು ಅರವತ್ತು ಇಂಚಿಗೆ ಮುಗಿಯುತ್ತದೆ.
ಅದರಾಚೆಯ ಈ ಮೈ ಯಾರದಪ್ಪ ಅಂದುಕೊಂಡು
ಕೈಗೆ ಸಿಕ್ಕಿದ ಪುಸ್ತಕದಲ್ಲೇ ಬರೆದಿಟ್ಟೆ.
ಪಳ್ಳತ್ತಡ್ಕದ ಮೇಷ್ಟ್ರ ಅಂಗಿಗೂ
ನೀರ್ಚಾಲಿನ ಮದುಮಗನ ಕೋಟಿಗೂ ನಡುವೆ:
ಬರಿಹೊಟ್ಟೆ, 264.

ಆಸ್ಪತ್ರೆಯ ಸಿಸ್ಟರು ಚೀಟಿ ನೋಡಿ
'ಷುಗರ್ ಕೂಡಿಯಲ್ಲೋ' ಅಂದರು.
ಅವರ ಭಾಷೆಯಲ್ಲಿ ಕೂಡುವುದೆಂದರೆ ಹೆಚ್ಚುವುದು.
ನನ್ನ ಕಿವಿಗೆ ಮಾತ್ರ
ದೂರದ ಸಂಬಂಧಿಯೊಬ್ಬ ಚೀಲ ಹಿಡಿದು ಬಂದು
ಮನೆಯಲ್ಲೇ ಕೂಡಿಕೊಂಡ ಹಾಗೆ ಕೇಳಿಸಿತು.
ಹೋಗು ಅನ್ನುವ ಹಾಗಿಲ್ಲ.
ಬಡಿಸಬೇಕು, ಹೊತ್ತು ಹೊತ್ತಿಗೆ, ಅಳೆದು.

ಅಳೆಯುವುದು ಲೀಲಾವತಿ. ದೊಡ್ಡ ಸೌಟನ್ನು ಅಟ್ಟಕ್ಕೇರಿಸಿ
ಚಿಪ್ಪಿನ ಸೌಟು ಇಳಿಸಿದ್ದಾಳೆ.
ಕುಚ್ಚಲಕ್ಕಿ ಅನ್ನ ಎರಡು ಚಿಪ್ಪು,
ಬಸಳೆ ಬೇಕಾದಷ್ಟು, ಮಾತು ಸ್ವಲ್ಪ ಕಡಿಮೆ.
ಗುಂಡಿ ಹಾಕಿಸಲು ಬಂದವರು ಹಾಗಲಕಾಯಿ ಅಂದರು,
ಜಿಪ್ಪು ಬದಲಿಸಲು ಬಂದವರು ನೇರಳೆ ಬೀಜ ಅಂದರು.
ಮದ್ದು ಹೇಳಿದವರ್‍ಯಾರೂ
ಹೊಲಿದ ಕೂಲಿ ಕೊಟ್ಟು ಹೋಗಲಿಲ್ಲ.

ಹಲಸು ಹಣ್ಣಾಗುವ ತಿಂಗಳು.
ಕೆಲಸ ಕಲಿಯುವ ಹುಡುಗ ನೌಫಲ್
ಮನೆಯಿಂದ ಬಕ್ಕೆ ತೊಳೆ ತಂದಿದ್ದ.
ನಾನು ತಿನ್ನಲಿಲ್ಲ. ಈ ಕತ್ತರಿಯಾಣೆ.
ಬೀಜ ಬಿಡಿಸಿ ಕೊಟ್ಟೆ, ಅಷ್ಟೆ.
ಆಮೇಲೆ ಬೆರಳು ಒರೆಸಿ, ಚುಚ್ಚಿ, ನೋಡಿದರೆ
431.

ಮೂಸಿದ ಹಣ್ಣೂ ರಕ್ತಕ್ಕಿಳಿಯುತ್ತದೆಯೇ?
ಅಪ್ಪನ ಬಲಗಾಲಿನ ಹೆಬ್ಬೆರಳು ನೆನಪಾಯಿತು,
ಕಾಸರಗೋಡಿನ ಆಸ್ಪತ್ರೆಯಲ್ಲಿ ಬಿಟ್ಟು ಬಂದದ್ದು.
ಹೊಲಿಯದೆ ಉಳಿದ ಬಟ್ಟೆಗಳನ್ನು ಎಣಿಸಿದೆ.
ಯಾರ ಬಟ್ಟೆ ಯಾರಿಗೆ ಸೇರಬೇಕೆಂದು
ಚೀಟಿ ಬರೆಯಲು ಹೊರಟಿದ್ದೆ.

ರವಕೆ ಕೇಳಲು ಬಂದ ಆಶಾ ಕಾರ್ಯಕರ್ತೆ ಪುಷ್ಪಲತಾ
ಅಂಕಿ ನೋಡಿದಳು, ಬಟ್ಟಲು ನೋಡಿದಳು,
'ಕೈ ತೊಳೆದಿದ್ದೀರಾ?' ಅಂದಳು.

ಸೋಪು ಹಾಕಿ ತೊಳೆದೆ, ಒಣಗಿಸಿದೆ, ಬೇರೆ ಬೆರಳು.
219.
ಇನ್ನೂರ ಹತ್ತೊಂಬತ್ತಕ್ಕೆ ಯಾರಾದರೂ ನಗುತ್ತಾರಾ ಮಾರಾಯ್ರೇ,
ನಾನು ನಕ್ಕೆ.
ಬಿಗಿ ಹೌದು. ಆದರೆ ಬಿಚ್ಚಿ ಹೊಲಿಯಬಹುದಾದ ಬಿಗಿ.

'ಒಳಗೆ ಎರಡು ಬೆರಳು ಬಟ್ಟೆ ಬಿಡು' ಎನ್ನುತ್ತಿದ್ದ
ಕೆಲಸ ಕಲಿಸಿದ ಸಾಂತಪ್ಪ ಮಾಮ,
'ಅಳತೆ ಕೊಟ್ಟ ದಿನದ ಹಾಗೆ
ಯಾರೂ ಉಳಿಯುವುದಿಲ್ಲ.'
ಆ ಎರಡು ಬೆರಳನ್ನೇ ಈಗ ಹುಡುಕುತ್ತಿದ್ದೇನೆ.
ಸಂಜೆ ಅರ್ಧ ಗಂಟೆ ಮೊದಲೇ ಬಾಗಿಲು ಹಾಕಿ
ನೀರಿನ ಟಾಂಕಿಯ ಗುಡ್ಡೆಯವರೆಗೆ ನಡಿಗೆ.
ಮಾತ್ರೆ. ರಾತ್ರಿ ದೀಪದ ಕೆಳಗೆ
ಅಂಗಿ ಮಗುಚಿ ಒಳಹೊಲಿಗೆ ನೋಡಿದ ಹಾಗೆ
ಅಂಗಾಲು ಮಗುಚಿ ನೋಡಿಕೊಳ್ಳುವುದು.
ಕೆಲವು ದಿನ ಎಲ್ಲ ಸರಿ ಮಾಡಿದರೂ
ಅಂಕಿ ಏರಿಯೇ ಇರುತ್ತದೆ.
ಅದನ್ನೂ ಬರೆಯುತ್ತೇನೆ, ಅಳಿಸುವುದಿಲ್ಲ.

ನೌಫಲ್ ಕನ್ನಡ ಅಕ್ಷರ ಕಲಿತದ್ದು ಈ ಪುಸ್ತಕದಲ್ಲೇ.
ಮೊನ್ನೆ ಕೇಳಿದ:
'ಈ ಬರಿಹೊಟ್ಟೆ ಯಾರು ಐತಪ್ಪಣ್ಣಾ?
ಎಷ್ಟು ಸಲ ಅಳತೆ ಕೊಟ್ಟರು,
ಒಂದು ಅಂಗಿಯಾದರೂ ಹೊಲಿಸಲಿಲ್ಲ.'
'ಹಳೆ ಗಿರಾಕಿ' ಅಂದೆ, 'ಕಷ್ಟದ ಮೈ.'

ಇವತ್ತು ಅವನೇ ಸೂಜಿಗೆ ನೂಲು ಪೋಣಿಸಿ ಕೊಟ್ಟ,
ಯಂತ್ರದ ಅಂಕಿ ಅವನೇ ಓದಿದ,
ಒತ್ತಕ್ಷರ ಬಿಟ್ಟು ಅವನೇ ಬರೆದ:
ಬರಿಹೊಟೆ, 178.
ಕೆಳಗೆ, ಎಲ್ಲರಿಗೂ ಬರೆಯುವ ಹಾಗೆ,
ಬಾಕಿ ಇದೆ.